ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ ತಡೆಯುತ್ತಾ?

ಪ್ರಶ್ನೆ: ನಮ್ಮದು ಬೇಲೂರು ತಾಲೂಕು ಅರೇಹಳ್ಳಿ ಕಡೆಯ ಹಳ್ಳಿ. ನಮ್ಮ ಮಾವನವರ ತಂದೆ ಕಟ್ಟಿಸಿದ ಮಣ್ಣಿನ ಗೋಡೆಯ ಹೆಂಚಿನ ಮನೆಯಲ್ಲಿದ್ದೇವೆ. ಪಡುವಣ ಕಡೆಯ ಗೋಡೆ ಬುಡದಲ್ಲಿ ಉದುರುತ್ತಿದೆ. ಹತ್ತು ವರ್ಷದ ಹಿಂದೆ ಹೊರಗಡೆ ಸಿಮೆಂಟ್ ಗಿಲಾವು ಮಾಡಿಸಿದ್ದೆವು, ಅದೂ ಹಪ್ಪಳೆ ಏಳುತ್ತಿದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದೆ. ಗಾರೆ ಕೆಲಸದವರು ಎಲ್ಲಾ ಕೆಡವಿ ಮೋಲ್ಡಿಂಗ್ ಮನೆ ಕಟ್ಟಿ ಅಂತಾರೆ. ಮಕ್ಕಳಿಗೂ ನಮಗೂ ಮಣ್ಣಿನಲ್ಲೇ ಮತ್ತೆ ಕಟ್ಟುವ ಆಸೆ. ನಮ್ಮ ಕಡೆಯ ಮಳೆಗೆ ಅದು ತಡೆಯುತ್ತಾ? ಯಾವ ಮಣ್ಣು ಬೇಕು? ಖರ್ಚು ಕಡಿಮೆ ಆಗುತ್ತಾ?

ಉತ್ತರ: ತಡೆಯುತ್ತದೆ. ನೀವಿರುವ ಮನೆಯೇ ಇಷ್ಟು ತಲೆಮಾರು ಅದೇ ಮಳೆಯಲ್ಲಿ ನಿಂತಿದೆ, ಅಲ್ವಾ? ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು ವಿಷಯ. ಉದುರುತ್ತಿರುವುದು ಗೋಡೆಯ ಬುಡ, ಅದೂ ಪಡುವಣ ಕಡೆಯದು. ಇನ್ನೊಂದು, ಸಿಮೆಂಟ್ ಗಿಲಾವು. ಮಣ್ಣೇ ಸರಿಯಿಲ್ಲದಿದ್ದರೆ ನಾಲ್ಕೂ ಗೋಡೆ ಮೇಲಿಂದ ಕೆಳಗಿನವರೆಗೆ ಹೋಗಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ಕೆಡವುವ ಮಾತು ಆಮೇಲೆ ನೋಡೋಣ. ಮೊದಲು ಆ ಬುಡಕ್ಕೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಗೋಡೆಗೆ ನೀರು ಬರುವುದು ಮೂರು ದಾರಿಯಲ್ಲಿ. ನೆಲದ ತೇವ ಕೆಳಗಿನಿಂದ ಮೇಲೇರುತ್ತದೆ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಚಿಮ್ಮುತ್ತದೆ. ಗಾಳಿ ಮಳೆಯಲ್ಲಿ ಎರಚಲು ನೇರ ಗೋಡೆಗೇ ಹೊಡೆಯುತ್ತದೆ. ನಮ್ಮ ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಪಡುವಣ ಮತ್ತು ತೆಂಕಣ ಗೋಡೆಗೆ ಎರಚಲಿನ ಕಾಟ ಜಾಸ್ತಿ. ಹಳಬರು ಮಳೆಗಾಲಕ್ಕೆ ಮೊದಲು ಆ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿ ಹೊತ್ತಿಗೆ ಬಿಚ್ಚುತ್ತಿದ್ದರು. ನಿಮ್ಮ ಮನೆಯಲ್ಲೂ ತಟ್ಟಿ ಕಟ್ಟುವುದು ನಿಂತು ಎಷ್ಟು ವರ್ಷವಾಯಿತು ಅಂತ ಹಿರಿಯರನ್ನು ಕೇಳಿ ನೋಡಿ. ಗಿಲಾವು ಮಾಡಿಸಿದ ಮೇಲೆ ತಟ್ಟಿ ಯಾಕೆ ಅಂತ ಬಿಟ್ಟ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ.

ಈಗ ಹೊರಗೆ ಹೋಗಿ ಪಾಯದ ಕಲ್ಲು ಕಾಣುತ್ತಿದೆಯಾ ನೋಡಿ. ಹಳೇ ಮನೆಗಳಲ್ಲಿ ಕಲ್ಲಿನ ಪಾಯ ನೆಲದಿಂದ ಒಂದೂವರೆ, ಎರಡು ಅಡಿ ಮೇಲೆ ಇರುತ್ತಿತ್ತು. ವರ್ಷಾ ವರ್ಷಾ ಅಂಗಳಕ್ಕೆ ಮಣ್ಣು ಹಾಕಿ, ತಟ್ಟಿ, ಸಾರಿಸಿ ಅಂಗಳವೇ ಎತ್ತರವಾಗುತ್ತದೆ. ಆಮೇಲೆ ಕಾಫಿ ಒಣಗಿಸೋಕೆ ಅಂತ ಕಣಕ್ಕೆ ಸಿಮೆಂಟ್ ಹಾಕಿಸುತ್ತೇವೆ, ಅದನ್ನು ತಂದು ಗೋಡೆಗೇ ತಾಗಿಸುತ್ತೇವೆ. ಅಲ್ಲಿಗೆ ಎರಡು ತೊಂದರೆ ಒಟ್ಟಿಗೆ ಶುರು. ಕಲ್ಲು ಮುಚ್ಚಿಹೋಗಿ ಮಣ್ಣಿನ ಗೋಡೆ ನೇರ ನೆಲಕ್ಕೆ ಕೂತಂತಾಯಿತು. ನೆಲದ ತೇವಕ್ಕೆ ಸಿಮೆಂಟ್ ಕಣದ ಮೂಲಕ ಆರಿಹೋಗಲು ದಾರಿಯಿಲ್ಲದೆ ಅದು ಗೋಡೆ ಹತ್ತುತ್ತದೆ. ಗಟ್ಟಿ ನೆಲದ ಮೇಲೆ ಬಿದ್ದ ನೀರು ಮಣ್ಣಿನ ಅಂಗಳಕ್ಕಿಂತ ಎತ್ತರಕ್ಕೆ ಚಿಮ್ಮುವುದು ಬೇರೆ.

ಸಿಮೆಂಟ್ ಗಿಲಾವು ಇದಕ್ಕೆಲ್ಲ ಮುಚ್ಚಳ ಹಾಕುತ್ತದೆ. ಮಣ್ಣಿನ ಗೋಡೆ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟ್ ಬಿಡಲು ಕೊಡುವುದಿಲ್ಲ. ಅದೂ ಅಲ್ಲದೆ ಮಣ್ಣು ಹಿಗ್ಗಿ ಕುಗ್ಗುವ ರೀತಿ ಬೇರೆ, ಸಿಮೆಂಟಿನದು ಬೇರೆ. ಮೊದಲು ಕೂದಲೆಳೆ ಬಿರುಕು ಬರುತ್ತದೆ, ಅದರೊಳಗೆ ಮಳೆನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ. ನಿಮ್ಮ ಪಡುವಣ ಗೋಡೆಯನ್ನು ಬೆರಳ ಗೆಣ್ಣಿನಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬರುವ ಕಡೆ ಗಿಲಾವು ಗೋಡೆ ಬಿಟ್ಟಿದೆ. ಅಲ್ಲೊಂದು ತುಂಡು ಎಬ್ಬಿಸಿ ಕೈ ಹಾಕಿ. ಬೇಸಿಗೆಯಲ್ಲೂ ಒಳಗಿನ ಮಣ್ಣು ತಣ್ಣಗೆ, ಒದ್ದೆಯಾಗಿ ಕೈಗೆ ಹತ್ತುತ್ತದೆ. ಮೂಡಿಗೆರೆ ಹತ್ತಿರದ ಒಂದು ಮನೆಯಲ್ಲಿ ಹೀಗೆ ಎಬ್ಬಿಸಿದಾಗ ಗೆದ್ದಲಿನ ಮಣ್ಣಿನ ಕೊಳವೆಗಳು ಗಿಲಾವಿನ ಹಿಂದೆಯೇ ಚಾವಣಿವರೆಗೆ ಹೋಗಿದ್ದವು. ಹೊರಗಿಂದ ನೋಡಿದರೆ ಗೋಡೆ ನುಣ್ಣಗೆ, ಬಣ್ಣ ಹೊಡೆದು ಚೆನ್ನಾಗಿತ್ತು. ನಿಮ್ಮ ಚೌಕಟ್ಟಿನ ಗೆದ್ದಲೂ ಇದೇ ದಾರಿಯಲ್ಲಿ ಬಂದಿರಬಹುದು, ನೋಡಿ.

ಹಾಗಾಗಿ ಮೊದಲ ಕೆಲಸ ರಿಪೇರಿ. ಮಳೆ ಪೂರ್ತಿ ನಿಂತ ಮೇಲೆ ಸಿಮೆಂಟ್ ಗಿಲಾವನ್ನು ಕೆಳಗಿನ ಮೂರು ನಾಲ್ಕು ಅಡಿಯಾದರೂ ಕಿತ್ತುಹಾಕಿ. ಗೋಡೆಗೆ ತಾಗಿದ ಸಿಮೆಂಟ್ ಕಣವಿದ್ದರೆ ಎರಡು ಅಡಿ ಅಗಲ ಕತ್ತರಿಸಿ, ಪಾಯದ ಕಲ್ಲು ಕಾಣುವವರೆಗೆ ಮಣ್ಣು ತೆಗೆಯಿರಿ. ಆ ಜಾಗಕ್ಕೆ ದಪ್ಪ ಜಲ್ಲಿ ತುಂಬಿ, ಪಕ್ಕದಲ್ಲಿ ನೀರು ಹೊರಗೆ ಹರಿಯುವಂತೆ ಚರಂಡಿ ಮಾಡಿ. ಸೂರಿನ ನೀರು ಜಲ್ಲಿ ಮೇಲೆ ಬಿದ್ದರೆ ಚಿಮ್ಮುವುದಿಲ್ಲ. ಗೋಡೆ ಎರಡು ತಿಂಗಳು ಸುಮ್ನೆ ಆರಲಿ. ಆಮೇಲೆ ಕೊರೆದುಹೋದ ಬುಡವನ್ನು ಎರಡು ಮೂರು ಅಡಿ ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಬಿಡಿಸಿ ಕಲ್ಲು ಅಥವಾ ಮಣ್ಣಿನ ಬ್ಲಾಕಿನಿಂದ ತುಂಬಬೇಕು. ಒಂದೇ ಸಲ ಇಡೀ ಬುಡ ಬಿಡಿಸಬೇಡಿ, ಮೇಲಿನ ಗೋಡೆ ಕೂರುತ್ತದೆ. ತೊಲೆ ಕೂತಿರುವ ಜಾಗದ ಕೆಳಗೆ ಕೆಲಸ ಮಾಡುವಾಗ ತೊಲೆಗೆ ಊರೆಗೋಲು ಕೊಟ್ಟೇ ಕೈ ಹಾಕಬೇಕು.

ಹೊರಗಿನ ಸಾರಣೆಗೆ ಗೋಡೆಯ ಮಣ್ಣಿನ ಜಾತಿಯದೇ ಮಣ್ಣು, ಅದರ ಎರಡರಷ್ಟು ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು, ಸ್ವಲ್ಪ ಸಗಣಿ ಸಾಕು. ಅದರ ಮೇಲೆ ಸುಣ್ಣ. ಎರಚಲು ಹೊಡೆಯುವ ಗೋಡೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಒಳ್ಳೆಯದು. ಸುಣ್ಣವನ್ನು ಕೆಲಸದ ದಿನ ನೀರಿಗೆ ಹಾಕಿ ಮೆತ್ತಬಾರದು. ಕೆಲವು ವಾರ ಮೊದಲೇ ಅರಳಿಸಿ, ನೀರಿನಡಿ ಇಟ್ಟು ಬೆಣ್ಣೆಯ ಹದಕ್ಕೆ ತರಬೇಕು. ಹಳಬರು ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದದ್ದು ಹಿಡಿತ ಬರಲಿ ಅಂತ. ಇವತ್ತೂ ಹಾಕಬಹುದು. ಗಾರೆ ಬಲಿಯಲು ಸಮಯ ಬೇಕು. ಸಿಮೆಂಟಿಗೆ ಅಭ್ಯಾಸವಾದ ಕೆಲಸದವರು ಅವಸರ ಮಾಡುತ್ತಾರೆ, ಬಿಡಬೇಡಿ.

ಇಷ್ಟು ಮಾಡಿದರೆ ಹಳೇ ಮನೆಯೇ ಉಳಿಯುವ ಸಾಧ್ಯತೆ ಜಾಸ್ತಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಗಳು ಮೇಲಿಂದ ಕೆಳಗೆ ಸೀಳಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ. ಹೊಸದು ಕಟ್ಟುವುದೇ ಆದರೆ ಮುಂದಿನದು ಓದಿ.

ಜಾಗದಿಂದ ಶುರು ಮಾಡೋಣ. ಈಗ ಜೆಸಿಬಿ ಸಿಗುತ್ತದೆ ಅಂತ ಗುಡ್ಡ ಕಡಿದು ಮಟ್ಟ ಮಾಡುವುದು ಸುಲಭವಾಗಿದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆಗಳು ಹೋದದ್ದು ನೀವೂ ನೋಡಿದ್ದೀರಿ. ನೆಟ್ಟಗೆ ಕಡಿದ ಧರೆಯ ಕೆಳಗೆ ಯಾವ ಮನೆಯನ್ನೂ ಕಟ್ಟಬೇಡಿ, ಮಣ್ಣಿನದಿರಲಿ, ಕಾಂಕ್ರೀಟಿನದಿರಲಿ. ಹಳೇ ಮನೆಯ ಜಾಗ ಇಷ್ಟು ವರ್ಷ ಅಲುಗದೆ ನಿಂತಿದೆ. ಅದಕ್ಕಿಂತ ಒಳ್ಳೇ ಜಾಗ ನಿಮಗೆ ಸಿಗುವುದು ಕಷ್ಟ.

ಮಣ್ಣೂ ಅಲ್ಲೇ ಇದೆ. ಕೆಡವಿದ ಗೋಡೆಯ ಮಣ್ಣನ್ನು ಯಾರೂ ಹೊರಗೆ ಸಾಗಿಸಲು ಬಿಡಬೇಡಿ. ಅದನ್ನು ಒಮ್ಮೆ ಆರಿಸಿ, ತುಳಿದು, ಹದ ಮಾಡಿ ಕಟ್ಟಿದವರು ಅನುಭವಸ್ಥರು. ಮಳೆಗೆ ನೆನೆಯದಂತೆ ಟಾರ್ಪಾಲ್ ಮುಚ್ಚಿಟ್ಟು, ಪುಡಿ ಮಾಡಿ, ನೆನೆಹಾಕಿ ಮತ್ತೆ ಬಳಸಬಹುದು. ಇದು ಸುಟ್ಟ ಇಟ್ಟಿಗೆಗೂ ಇಲ್ಲದ, ಕಾಂಕ್ರೀಟಿಗೂ ಇಲ್ಲದ ಗುಣ. ಪರಿಸರದ ಲೆಕ್ಕದಲ್ಲಿ ಮಣ್ಣಿನ ಮನೆಯ ದೊಡ್ಡ ಲಾಭ ನನ್ನ ಮಟ್ಟಿಗೆ ಇದೇ.

ಸಾಲದ ಮಣ್ಣನ್ನು ನಿಮ್ಮ ಜಮೀನಿನಲ್ಲೇ ತೆಗೆಯಬಹುದು. ಮೇಲಿನ ಒಂದೂವರೆ, ಎರಡು ಅಡಿ ಕಪ್ಪು ಮಣ್ಣಿನಲ್ಲಿ ಎಲೆಗೊಬ್ಬರ, ಬೇರು ಇರುತ್ತದೆ. ಅದು ತೋಟಕ್ಕೇ ಸೇರಲಿ. ಅದರ ಕೆಳಗಿನ ಕೆಮ್ಮಣ್ಣು ಗೋಡೆಗೆ ಬೇಕಾದ್ದು. ಪರೀಕ್ಷೆಗೆ ಲ್ಯಾಬ್ ಬೇಡ. ಗಾಜಿನ ಭರಣಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ಮರಳಿಗಿಂತ ನುಣುಪಾದ ಸಣ್ಣ ಗೋಡು ಅರ್ಧ ಗಂಟೆಯಲ್ಲಿ. ಜೇಡಿ ಮರುದಿನಕ್ಕೆ. ಪದರಗಳನ್ನು ಅಳತೆಪಟ್ಟಿಯಲ್ಲಿ ಅಳೆಯಿರಿ. ಜೇಡಿ ಐದರಲ್ಲಿ ಒಂದು ಪಾಲು ಇದ್ದರೆ ಕೈಗೋಡೆಗೆ, ಅಂದರೆ ಮುದ್ದೆ ಇಟ್ಟು ಕೈಯಲ್ಲೇ ಕಟ್ಟುವ ಗೋಡೆಗೆ, ಬಹಳ ಒಳ್ಳೆಯದು. ಮೂರರಲ್ಲಿ ಒಂದು ಪಾಲು ಬಂದರೆ ಒಣಗಿದಾಗ ಬಿರಿಯುತ್ತದೆ, ಮರಳು ಅಥವಾ ನೊರಜು ಮಣ್ಣು ಸೇರಿಸಬೇಕು.

ಕೈಯಲ್ಲೂ ಒಮ್ಮೆ ನೋಡಿ. ಕಲಸಿದ ಮಣ್ಣನ್ನು ಹೆಬ್ಬೆರಳು ಗಾತ್ರದ ಬತ್ತಿಯಂತೆ ಹೊಸೆದು, ಮೇಜಿನ ಅಂಚಿನಿಂದ ನಿಧಾನಕ್ಕೆ ಹೊರಗೆ ತಳ್ಳಿ. ಎರಡು ಇಂಚು ಆಗುವ ಮೊದಲೇ ಮುರಿದರೆ ಮರಳು ಜಾಸ್ತಿ. ಆರು ಇಂಚು ದಾಟಿಯೂ ಜೋತಾಡಿದರೆ ಜೇಡಿ ಜಾಸ್ತಿ. ನಡುವೆ ಮುರಿದರೆ ಹದವಾಗಿದೆ. ಮನೆಯ ಹಿರಿಯರಿಗೆ ಇದು ಅಂಗೈಯಲ್ಲಿ ಹಿಚುಕಿದಾಗಲೇ ಗೊತ್ತಾಗುತ್ತದೆ. ಅವರಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಎರೆಮಣ್ಣು ಮಾತ್ರ ಬೇಡವೇ ಬೇಡ. ನೀರು ಕುಡಿದು ಉಬ್ಬಿ, ಒಣಗಿ ಸೀಳುವ ಮಣ್ಣು ಅದು.

ಯಾವ ಪದ್ಧತಿ? ಇಲ್ಲಿ ಒಂದು ಎಚ್ಚರಿಕೆ. ಅರಸೀಕೆರೆ, ಕಡೂರು ಕಡೆ ವರ್ಷಕ್ಕೆ 600-700 ಮಿಲಿಮೀಟರ್ ಮಳೆ. ಶೃಂಗೇರಿ ಕಡೆ 3000 ದಾಟುತ್ತದೆ. ಬಯಲುಸೀಮೆಯ ಮಾಳಿಗೆ ಮನೆಯ ಮಟ್ಟಸದ ಮಣ್ಣಿನ ಸೂರು ಅಲ್ಲಿಗೆ ಸರಿ. ಮೊಬೈಲಿನಲ್ಲಿ ರಾಜಸ್ಥಾನದ್ದೋ ಇನ್ನೆಲ್ಲಿಯದೋ ಸೂರಿಲ್ಲದ ಚೆಂದದ ಮಣ್ಣಿನ ಗೋಡೆ ನೋಡಿ ಅದೇ ಬೇಕು ಅಂತ ಬರುವವರಿದ್ದಾರೆ. ನಮ್ಮಲ್ಲಿ ಅದು ಆರಿದ್ರ, ಪುನರ್ವಸು ಮಳೆ ಕಳೆಯುವುದರೊಳಗೆ ಕರಗುತ್ತದೆ. ನಿಮ್ಮ ಹೋಬಳಿ ಎರಡರ ನಡುವಿನದಾದರೂ ಲೆಕ್ಕವನ್ನು ಮಲೆನಾಡಿನದಕ್ಕೇ ಹಾಕಿ.

ನಿಮಗೆ ಎರಡು ದಾರಿ ಇದೆ. ಮೊದಲನೆಯದು ಅಜ್ಜನ ಕಾಲದ್ದೇ, ಮಣ್ಣಿನ ಮುದ್ದೆ ಇಟ್ಟು ಕಟ್ಟುವ ಒಂದೂವರೆ ಅಡಿ ದಪ್ಪದ ಗೋಡೆ. ಒಂದು ವರಸೆ ಒಂದೂವರೆ ಅಡಿ ಏರಿಸಿ, ಅದು ಬಿಗಿಯುವವರೆಗೆ ಬಿಟ್ಟು, ಮುಂದಿನದು ಏರಿಸಬೇಕು. ಸಿಮೆಂಟ್ ಬೇಡ, ಯಂತ್ರ ಬೇಡ. ಆದರೆ ದಿನ ಬೇಕು, ಆಳು ಬೇಕು, ಕೈಚಳಕ ಬೇಕು.

ಎರಡನೆಯದು ಒತ್ತಿದ ಮಣ್ಣಿನ ಬ್ಲಾಕು. ಇದರ ಹಿಂದೆ ನಮ್ಮ ರಾಜ್ಯದ್ದೇ ಕೆಲಸ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಅನ್ನುವ ವಿಭಾಗ ಕಟ್ಟಿದರು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಅಲ್ಲಿ ಕೈಯಲ್ಲೇ ಒತ್ತುವ ಯಂತ್ರ, ನಮ್ಮ ಕೆಮ್ಮಣ್ಣಿಗೆ ಹೊಂದುವ ಮಿಶ್ರಣ ಎರಡನ್ನೂ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 6ರಿಂದ 8ರಷ್ಟು ಸಿಮೆಂಟ್ ಸೇರಿಸಿ, ಬರೀ ತೇವದ ಹದದಲ್ಲಿ ಒತ್ತಿ ತೆಗೆಯುತ್ತಾರೆ. ಒಂದು ಬ್ಲಾಕು 230 ಮಿಲಿಮೀಟರ್ ಉದ್ದ, 190 ಅಗಲ, 100 ದಪ್ಪ ಇರುತ್ತದೆ. ನೆರಳಿನಲ್ಲಿ ಜೋಡಿಸಿ ಮೂರು ವಾರ ನೀರು ಚಿಮುಕಿಸಬೇಕು. ಸೌದೆ ಸುಡುವ ಕೆಲಸವಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ಖರ್ಚಾಗುವ ಇಂಧನ ಶಕ್ತಿಯ ಸುಮಾರು ಮೂರನೇ ಒಂದು ಭಾಗದಷ್ಟರಲ್ಲಿ ಈ ಗೋಡೆ ಏಳುತ್ತದೆ ಅಂತ ಅವರ ಲೆಕ್ಕ ತೋರಿಸಿದೆ. ಈ ಬ್ಲಾಕಿಗೆ ಭಾರತೀಯ ಮಾನಕ 1725 ಅನ್ನುವ ನಿಯಮವೂ ಇದೆ. ಎಂಜಿನಿಯರ್ ತಕರಾರು ಮಾಡಿದರೆ ಆ ಸಂಖ್ಯೆ ಹೇಳಿ.

ಸಿಮೆಂಟ್ ಎಷ್ಟು ಅಂತ ನಿಮ್ಮ ಮಣ್ಣೇ ಹೇಳುತ್ತದೆ. ಎರಡು ಅಡಿ ಉದ್ದ, ಒಂದೂವರೆ ಇಂಚು ಅಗಲ, ಅಷ್ಟೇ ಆಳದ ಮರದ ಅಚ್ಚಿಗೆ ಒಳಗೆ ಎಣ್ಣೆ ಸವರಿ, ಒದ್ದೆ ಮಣ್ಣು ತುಂಬಿ ಒಣಗಿಸಿ. ಒಣಗಿದ ಪಟ್ಟಿಯನ್ನು ಒಂದು ತುದಿಗೆ ತಳ್ಳಿ, ಇನ್ನೊಂದು ತುದಿಯ ಸಂದು ಅಳೆಯಿರಿ. ಅರ್ಧ ಇಂಚಿನೊಳಗಿದ್ದರೆ 18 ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಸಾಕು. ಒಂದೂವರೆ ಇಂಚಿನ ಹತ್ತಿರ ಬಂದರೆ 14ಕ್ಕೆ ಒಂದು ಬೇಕು, ಇಲ್ಲವೇ ಮರಳು ಬೆರೆಸಿ ಮತ್ತೆ ಪರೀಕ್ಷೆ ಮಾಡಬೇಕು.

ನನ್ನನ್ನು ಕೇಳಿದರೆ ಹೊರಗಿನ ಗೋಡೆಗೆ ಬ್ಲಾಕು, ಒಳಗಿನ ಅಡ್ಡಗೋಡೆಗೆ ಹಳೇ ಮಣ್ಣಿನ ಮುದ್ದೆ. ಸಿಮೆಂಟ್ ಮುಟ್ಟುವುದೇ ಇಲ್ಲ ಅನ್ನುವ ಹಟ ನನಗಿಲ್ಲ. ಬ್ಲಾಕಿಗೆ ಸ್ವಲ್ಪ, ಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿಗೆ ಸ್ವಲ್ಪ, ಬಾಗಿಲು ಕಿಟಕಿ ಮೇಲೆ ಮನೆ ಸುತ್ತ ಹೋಗುವ ಲಿಂಟಲ್ ಪಟ್ಟಿಗೆ ಸ್ವಲ್ಪ. ಅಷ್ಟು ಹಾಕುವ ಕಡೆ ಜಿಪುಣತನ ಬೇಡ. ಬಚ್ಚಲು, ಶೌಚಾಲಯಕ್ಕೆ ಹಸಿ ಮಣ್ಣು ಹಾಕಲೇಬೇಡಿ. ಅಲ್ಲಿ ಸುಟ್ಟ ಇಟ್ಟಿಗೆ, ಒಳಗೆ ಸಿಮೆಂಟ್ ಗಿಲಾವು, ಟೈಲ್ಸು. ಆದಷ್ಟು ಮನೆಯ ಮುಖ್ಯ ಗೋಡೆಯಿಂದ ಬಿಡಿಸಿ ಕಟ್ಟಿ.

ಪಾಯಕ್ಕೆ ಸೈಜುಗಲ್ಲು ಅಥವಾ ಕಾಡುಕಲ್ಲು, ನೆಲದಿಂದ ಎರಡು ಅಡಿ ಮೇಲೆ ಬರಲಿ. ಹಣ ಉಳಿಸಲು ಈ ಎರಡು ಅಡಿಯನ್ನು ಒಂದಕ್ಕೆ ಇಳಿಸಿದವರ ಮನೆ ನೋಡಿದಾಗೆಲ್ಲ ಬೇಜಾರಾಗುತ್ತದೆ. ಒಳಗೆ ಟೈಲ್ಸಿಗೆ, ಪಾಲಿಶಿಗೆ ಲಕ್ಷ ಸುರಿದಿರುತ್ತಾರೆ.

ಸೂರಿಗೂ ಅಷ್ಟೇ ಧಾರಾಳ ಇರಬೇಕು. ಗೋಡೆಯಿಂದ ಮೂರು ಅಡಿ ಹೊರಗೆ ಚಾಚಲಿ. ಪಡುವಣ ಕಡೆ ಬರೀ ಗೋಡೆ ಬಿಡದೆ ಸೌದೆ ಕೊಟ್ಟಿಗೆಯೋ, ಜಗಲಿಯೋ, ಕಾಫಿ ಮೂಟೆ ಇಡುವ ಇಳಿಮಾಡೋ ಇರಲಿ. ಎರಚಲು ಅದಕ್ಕೆ ಹೊಡೆದು ನಿಲ್ಲುತ್ತದೆ, ತಟ್ಟಿ ಕಟ್ಟುವ ಕೆಲಸವೂ ಉಳಿಯುತ್ತದೆ. ಹೆಂಚು ಮಂಗಳೂರಿನದೇ ಆಗಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಘಟ್ಟ ಹತ್ತಿ ನಮ್ಮೂರುಗಳಿಗೆ ಬಂತು. ಇವತ್ತು ಹಳೇ ಮನೆ ಕೆಡವುವವರಿಂದ ಗಟ್ಟಿ ಹೆಂಚು ಕಡಿಮೆ ಬೆಲೆಗೆ ಸಿಗುತ್ತದೆ. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಂಚಿನ ಸದ್ದು ಬಂದದ್ದನ್ನು ಮಾತ್ರ ಆರಿಸಿ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು.

ಮಂಗನ ಕಾಟ ನಿಮ್ಮಲ್ಲೂ ಇರಬೇಕು. ಮಲೆನಾಡಿನ ಜನ ಹೆಂಚು ಬಿಟ್ಟು ಮೋಲ್ಡಿಂಗಿಗೆ ಹೋಗಲು ಮಂಗಗಳೂ ಒಂದು ಕಾರಣ. ಅದಕ್ಕೆ ತೆಳು ತಗಡಿನ ಶೀಟು ಹಾಕಿ, ಅದರ ಮೇಲೆ ರೀಪು ಹೊಡೆದು ಹೆಂಚು ಹೊದಿಸಿ. ಒಂದು ಹೆಂಚು ಒಡೆದರೂ ಸೋರುವುದಿಲ್ಲ. ಹೆಂಚು ಮೇಲಿರುವುದರಿಂದ ಶೀಟಿನ ಸದ್ದೂ, ಕಾವೂ ಇರುವುದಿಲ್ಲ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಮಳೆಗಾಲದ ರಾತ್ರಿ ನಿದ್ದೆ ಬರುತ್ತದೆ.

ಮರಕ್ಕೆ ಮೊದಲು ನಿಮ್ಮ ಹಳೇ ತೊಲೆ, ಕಂಬಗಳನ್ನೇ ನೋಡಿ. ಹಲಸು, ಮತ್ತಿಯ ಹಳೇ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪಕಾಸಿಗೆ ತೋಟದ ಸಿಲ್ವರ್ ಓಕ್ ಆಗುತ್ತದೆ, ಆದರೆ ಅದಕ್ಕೂ ಬಿದಿರಿಗೂ ಕುಟ್ಟೆ ಹುಳ ಬೇಗ ಹತ್ತುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಕೆಲವು ದಿನ ಮುಳುಗಿಸಿ, ನೆರಳಲ್ಲಿ ಒಣಗಿಸಿ ಬಳಸಿ. ಈ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಸೂರಿನ ಕೆಳಗಿನ ಮರಕ್ಕೆ ಮಾತ್ರ. ನಿಮ್ಮದೇ ತೋಟದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಗೆದ್ದಲಿಗೆ ಮುಖ್ಯ ಮದ್ದು, ಯಾವ ಮರವೂ ನೆಲ ಮುಟ್ಟದಂತೆ ಕಲ್ಲಿನ ಮೇಲೆ ಕೂರಿಸುವುದು. ಹೊರಗಿನ ಪಾಯ ಯಾವಾಗಲೂ ಕಣ್ಣಿಗೆ ಕಾಣುವಂತಿರಬೇಕು. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಬರುವುದು. ಕಂಡ ದಿನವೇ ಪೊರಕೆಯಲ್ಲಿ ಗುಡಿಸಿ, ಮತ್ತೆ ಕಟ್ಟುತ್ತಿದೆಯಾ ಅಂತ ನೋಡುತ್ತಿರಿ.

ಖರ್ಚಿನ ವಿಷಯ ನೇರವಾಗಿ ಹೇಳುತ್ತೇನೆ. ಮಣ್ಣಿನ ಮನೆ ಅರ್ಧ ಬೆಲೆಗೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಮೆಂಟು, ಕಬ್ಬಿಣ, ಇಟ್ಟಿಗೆ, ಲಾರಿ ಬಾಡಿಗೆ ಉಳಿಯುತ್ತದೆ. ಕೂಲಿ ಏರುತ್ತದೆ. ಮನೆಯವರೇ ಕೈ ಹಾಕಿ, ನೆರೆಯವರ ಜೊತೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಮಾಡಿಕೊಂಡರೆ ನಿಜಕ್ಕೂ ಅಗ್ಗ. ಎಲ್ಲಾ ಗುತ್ತಿಗೆಗೆ ಕೊಟ್ಟರೆ ಮೋಲ್ಡಿಂಗ್ ಮನೆಗೆ ಹತ್ತಿರ ಹತ್ತಿರ ಬರುತ್ತದೆ. ಆದರೆ ಆ ಹಣ ಕೂಲಿಯಾಗಿ ನಿಮ್ಮೂರಿನವರ ಕೈಗೇ ಹೋಗುತ್ತದೆ. ನನಗೆ ಅದು ಸಣ್ಣ ವಿಷಯವಲ್ಲ.

ಕಷ್ಟ ಇರುವುದು ದಿನ ಹೊಂದಿಸುವುದರಲ್ಲಿ. ಗೋಡೆ ಕಟ್ಟಲು ಒಳ್ಳೇ ಕಾಲ ನವೆಂಬರಿನಿಂದ ಫೆಬ್ರವರಿ. ಅದೇ ಹೊತ್ತಿಗೆ ಕಾಫಿ ಕೊಯ್ಲು, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಒಂದಾಳೂ ಸಿಗುವುದಿಲ್ಲ. ಕೊಯ್ಲು ಮುಗಿಯಲಿ ಅಂತ ಕಾದರೆ ಮಾರ್ಚ್, ಏಪ್ರಿಲ್‌ನ ಹೂಮಳೆ ಬರುತ್ತದೆ. ಕಾಫಿಗೆ ಆ ಮಳೆ ಬೇಕೇ ಬೇಕು, ಹಸಿ ಗೋಡೆಗೆ ಬೇಡ. ಹಾಗಾಗಿ ಒಂದೇ ವರ್ಷದಲ್ಲಿ ಮುಗಿಸುವ ಅವಸರ ಬೇಡ. ಈ ಬೇಸಿಗೆಯಲ್ಲಿ ಮಣ್ಣಿನ ಪರೀಕ್ಷೆ ಮಾಡಿ, ಬೇಕಾದಷ್ಟು ಮಣ್ಣು ತೆಗೆದು ಶೆಡ್ಡಿನಲ್ಲಿ ಒಣಗಿಸಿಡಿ. ಮಳೆಗಾಲದಲ್ಲಿ ಅದೇ ಶೆಡ್ಡಿನೊಳಗೆ ಬ್ಲಾಕು ಒತ್ತಬಹುದು. ಹೊರಗೆ ತೋಟದ ಕೆಲಸ ಇಲ್ಲದ ದಿನ ಆಳೂ ಸಿಗುತ್ತಾರೆ, ಬ್ಲಾಕಿಗೆ ತೇವವೂ ತಾನಾಗಿ ಸಿಗುತ್ತದೆ. ಅಕ್ಟೋಬರಿನಲ್ಲಿ ಪಾಯ. ಕೊಯ್ಲಿನ ನಡುವೆ ಇಬ್ಬರು ಗಾರೆಯವರು ಸಾಕು, ಬ್ಲಾಕು ರೆಡಿ ಇದ್ದರೆ ಗೋಡೆ ಬೇಗ ಏಳುತ್ತದೆ. ಫೆಬ್ರವರಿ ಕೊನೆಗೆ ಸೂರು ಹೊದಿಸಿಬಿಡಿ. ಒಳಗಿನ ಮುದ್ದೆ ಗೋಡೆ, ಸಾರಣೆ, ಕಾವಿ ನೆಲ ಎಲ್ಲಾ ಸೂರಿನ ಕೆಳಗೆ ನಿಧಾನಕ್ಕೆ ಆಗಲಿ.

ಈ ಮಳೆಗಾಲಕ್ಕೆ ಮಾತ್ರ ಪಡುವಣ ಗೋಡೆಗೆ ತಟ್ಟಿ ಕಟ್ಟಿಸಿ. ಸೋಗೆ ಸಿಗದಿದ್ದರೆ ಶೇಡ್ ನೆಟ್ಟಿನ ಮೇಲೆ ಟಾರ್ಪಾಲ್ ಆದರೂ ಸರಿ, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಗಾಳಿಗೆ ಜಾಗ ಬಿಟ್ಟು ಕಟ್ಟಿ.